ತೂಬು ತೆರೆದರಷ್ಟೇ ಸಾಲದು

ಜಠರದ ಹಿಂದೆ ಅಡ್ಡಲಾಗಿರುವ ಮೇದೋಜೀರಕ ಗ್ರಂಥಿಯ ಚಿತ್ರವನ್ನು ವಿದ್ಯಾರ್ಥಿಗಳು ಶಾಲೆಯಲ್ಲಿ ಬಿಡಿಸಿಯೇ ಇರುತ್ತಾರೆ. ಆಹಾರ ಜೀರ್ಣಿಸುವ ರಸವನ್ನು ಕರುಳಿಗೆ ಕಳಿಸುವುದು ಇದರ ಒಂದು ಕೆಲಸ. ಪಿತ್ತಕೋಶದ ಕಲ್ಲು ಅಡ್ಡಬಂದಾಗ ಅಥವಾ ಅತಿಯಾದ ಮದ್ಯಪಾನದಿಂದ ಗ್ರಂಥಿ ಊದಿಕೊಂಡರೆ ಆ ರಸ ಗ್ರಂಥಿಯನ್ನೇ ಜೀರ್ಣಿಸತೊಡಗುತ್ತದೆ. ಕೆಲವರಲ್ಲಿ ದ್ರವ ಸೋರಿ ಪಕ್ಕದಲ್ಲಿ ಮಡುಗಟ್ಟುತ್ತದೆ. ಸುಮಾರು 4 ವಾರಗಳಲ್ಲಿ ಅದರ ಸುತ್ತ ಗೋಡೆ ಬೆಳೆಯುತ್ತದೆ.

ಎಷ್ಟೋ ಮಡುಗಳು ತಾವಾಗಿಯೇ ಇಂಗುತ್ತವೆ. ನೋವು, ವಾಂತಿ, ಸೋಂಕು ಕಾಡಿದರೆ ಬಸಿಯಲೇಬೇಕು. ವೈದ್ಯರು ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಅದರ ತುದಿಯ ಅಲ್ಟ್ರಾಸೌಂಡ್‌ನಿಂದ ಜಾಗ ಗುರುತಿಸಿ, ಜಠರಕ್ಕೂ ಮಡುವಿಗೂ ನಡುವೆ ಸ್ಟೆಂಟ್ ಕೂರಿಸುತ್ತಾರೆ. ಕೆರೆಗೆ ತೂಬು ಇದ್ದಂತೆ ಇದು. ಲೋಹದ ಸ್ಟೆಂಟ್ ಡಮರುವಿನ ಆಕಾರದ್ದು; ನಡು ಸಣ್ಣ, ತುದಿಗಳು ಅಗಲ.

ನೀರು ಬಸಿದೊಡನೆ ಮಡು ಕುಗ್ಗುತ್ತದೆ, ಸ್ಟೆಂಟ್ ಕುಗ್ಗುವುದಿಲ್ಲ. ಅದರ ಅಂಚು ಹತ್ತಿರದ ರಕ್ತನಾಳಕ್ಕೆ ಉಜ್ಜಿ ರಕ್ತಸ್ರಾವವಾಗಬಹುದು. ಸ್ಟೆಂಟ್ ಜಠರದ ಗೋಡೆಯಲ್ಲೇ ಹೂತುಹೋಗಬಹುದು. ಅಮೆರಿಕದ ವೈದ್ಯರು 60 ರೋಗಿಗಳ ಮೇಲೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 3 ವಾರಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿ, ಮಡು ಬರಿದಾಗಿದ್ದರೆ ಸ್ಟೆಂಟ್ ತೆಗೆಯುವ ಕ್ರಮ ತಂದ ಮೇಲೆ ಇಂಥ ತೊಂದರೆ ತಗ್ಗಿತು. ಈಗ ಲೋಹದ ಸ್ಟೆಂಟ್‌ಗೆ ಸಾಮಾನ್ಯವಾಗಿ 3-4 ವಾರದ ಗಡುವು. ಪ್ಲಾಸ್ಟಿಕ್ ಸ್ಟೆಂಟನ್ನು ಕೆಲವರಲ್ಲಿ ಹೆಚ್ಚು ಕಾಲ ಬಿಡುವುದುಂಟು.

ಸಿ.ಟಿ. ಚಿತ್ರ ಮಡುವಿನ ಅಳತೆ, ಸ್ಟೆಂಟ್‌ನ ಸ್ಥಾನ, ರಕ್ತನಾಳಗಳ ಸ್ಥಿತಿ ತಿಳಿಸುತ್ತದೆ. ನೀರಿಳಿದ ಕೆರೆಯಲ್ಲಿ ಹೂಳು ಉಳಿಯುವಂತೆ ಸತ್ತ ಅಂಗಾಂಶ ಉಳಿದಿದೆಯೇ ಎಂಬುದನ್ನು ಎಂ.ಆರ್.ಐ. ಇನ್ನೂ ಚೆನ್ನಾಗಿ ತೋರಿಸುತ್ತದೆ. ಸಿ.ಟಿ.ಗೆ ಔಷಧ ಚುಚ್ಚುವ ಮುನ್ನ ಮೂತ್ರಪಿಂಡದ ತೊಂದರೆ, ಅಲರ್ಜಿ ಇದ್ದರೆ ಹೇಳಬೇಕು. ಗರ್ಭಿಣಿಯರೂ ಮೊದಲೇ ತಿಳಿಸಬೇಕು.

ಕಷ್ಟವಿರುವುದು ಇಲ್ಲೇ. ಸ್ಟೆಂಟ್ ಹಾಕಿಸಿಕೊಂಡವರಿಗೆ ನೋವು ಬೇಗ ಇಳಿಯುತ್ತದೆ. ಗಂಗಾವತಿಯಲ್ಲಿ ಕಾಲುವೆಗೆ ನೀರು ಬಿಟ್ಟರೆ ಭತ್ತದ ನಾಟಿ ಕಾಯುವುದಿಲ್ಲ. ಕುಷ್ಟಗಿ, ಯಲಬುರ್ಗಾದಲ್ಲಿ ಮಳೆ ಬಿದ್ದರೆ ಬಿತ್ತನೆ ಕಾಯುವುದಿಲ್ಲ. ‘ಆರಾಮ ಆಗೇತಿ, ಮತ್ಯಾಕ ಹೋಗೂದು?’ ಎಂದು ದೂರದ ಆಸ್ಪತ್ರೆಯ ತಾರೀಖು ತಪ್ಪಿಸಿದರೆ ಅಪಾಯ ಸದ್ದಿಲ್ಲದೆ ಬೆಳೆಯುತ್ತದೆ.

ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಹೊಣೆ ಅವರು ಹೊರಲಿ. ಬಿಡುಗಡೆ ಚೀಟಿಯಲ್ಲಿ ಸ್ಟೆಂಟ್ ಲೋಹದ್ದೋ ಪ್ಲಾಸ್ಟಿಕ್‌ದೋ, ಹಾಕಿದ ದಿನ ಯಾವುದು, ಸ್ಕ್ಯಾನ್ ಎಂದು ಎಂಬುದನ್ನು ಓದಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಹಳೆಯ ಫಿಲ್ಮ್‌ಗಳನ್ನು ಜೋಪಾನ ಮಾಡಲಿ. ರಕ್ತವಾಂತಿ, ಕಪ್ಪು ಮಲ, ಜ್ವರ, ಕಾಮಾಲೆ, ಮರುಕಳಿಸಿದ ನೋವು ಕಂಡರೆ ತಾರೀಖಿಗೆ ಕಾಯದೆ ಕೂಡಲೇ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಒಳಗೆ ಸ್ಟೆಂಟ್ ಇದೆಯೆಂದು ಮೊದಲೇ ಹೇಳಿರಿ.