ಚಿತೆಗೆ ಬೆಂಕಿ ಕೊಡುವ ಮುಂಚೆ ಒಂದು ಮಾತು

ಹೆಣಕ್ಕೆ ಕೊನೆಯ ಸ್ನಾನ ಮಾಡಿಸುವಾಗ ಎಡ ಕೊರಳೆಲುಬಿನ ಕೆಳಗೆ ಕೈಗೆ ಏನೋ ಗಟ್ಟಿಯಾಗಿ ಸಿಗುತ್ತದೆ. ದಪ್ಪ ಬಿಸ್ಕತ್ತಿನಷ್ಟು ಅಗಲ, ಒತ್ತಿದರೆ ಚರ್ಮದಡಿ ಕೊಂಚ ಜಾರುತ್ತದೆ, ಮೇಲೆ ಹಳೇ ಹೊಲಿಗೆಯ ಗುರುತು. ನೀರು ಹೊಯ್ಯುತ್ತಿದ್ದವರು ಒಂದು ಗಳಿಗೆ ಕೈ ತೆಗೆದು, “ಹಾರ್ಟಿಗೆ ಮಿಷನ್ ಹಾಕ್ಸಿದ್ರಲ್ಲ, ಅದೇ” ಅನ್ನುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆಯಿಂದ ಬೆಂಗಳೂರಿನ ಜಯದೇವದಂಥ ಆಸ್ಪತ್ರೆಗೆ ಹೋಗಿ ಪೇಸ್‌ಮೇಕರ್ ಹಾಕಿಸಿಕೊಂಡು ಬಂದವರ ಮನೆಯವರಿಗೆ ಅದನ್ನು ಹೇಗೆ ಜೋಪಾನ ಮಾಡಬೇಕೆಂದು ಗೊತ್ತಿರುತ್ತದೆ. ಸತ್ತ ಮೇಲೆ ಅದನ್ನೇನು ಮಾಡಬೇಕೆಂದು ಕೇಳಲು ಮಾತ್ರ ಯಾರಿಗೂ ಬಾಯಿ ಬರುವುದಿಲ್ಲ. ಹಾಗಾಗಿ ಊರಲ್ಲಿ ಹಬ್ಬಿದ ಮಾತೇ ಸತ್ಯವಾಗಿ ನಿಲ್ಲುತ್ತದೆ.

“ಮಿಷನ್ ಓಡೋವರ್ಗೂ ಜೀವ ಹೋಗಲ್ವಂತೆ, ಒದ್ದಾಡ್ತಾ ಇರ್ತದಂತೆ.” ಮನೆಯವರನ್ನು ಬಹಳ ನೋಯಿಸುವ ಮಾತು ಇದು, ಮತ್ತು ಪೂರ್ತಿ ಸುಳ್ಳು. ಪೇಸ್‌ಮೇಕರ್ ರಕ್ತ ಪಂಪ್ ಮಾಡುವುದಿಲ್ಲ. “ಈಗ ಬಡಿ” ಎಂದು ಹೃದಯದ ಸ್ನಾಯುವಿಗೆ ಸಣ್ಣ ವಿದ್ಯುತ್ ಸೂಚನೆ ಕೊಡುತ್ತದೆ, ಅಷ್ಟೆ. ಆಮ್ಲಜನಕ ನಿಂತು ಸ್ನಾಯುವೇ ಸತ್ತ ಮೇಲೆ ಆ ಸೂಚನೆ ಸುಟ್ಟುಹೋದ ಮೋಟರಿಗೆ ಸ್ಟಾರ್ಟರ್ ಒತ್ತಿದಂತೆ. ಬ್ಯಾಟರಿ ಇರುವತನಕ ಸೂಚನೆ ಹೋಗುತ್ತಲೇ ಇರುತ್ತದೆ, ನಿಜ. ಐಸಿಯುನಲ್ಲಿ ಉಸಿರು ನಿಂತ ಮೇಲೂ ಮಾನಿಟರ್ ಪರದೆಯಲ್ಲಿ ಸಣ್ಣ ಗೆರೆಗಳು ಎದ್ದೇಳುವುದು ಅದರಿಂದಲೇ. “ಇನ್ನೂ ಗೆರೆ ಬರ್ತಾ ಐತೆ, ಡಾಕ್ಟ್ರು ಸುಳ್ಳು ಹೇಳ್ತಾರೆ” ಎಂದು ಜಗಳಕ್ಕಿಳಿಯಬೇಡಿ. ಅದು ಯಂತ್ರದ ಗೆರೆ, ಹೃದಯದ್ದಲ್ಲ. ವೈದ್ಯರು ನಾಡಿ, ಎದೆಬಡಿತದ ಸದ್ದು, ಉಸಿರು, ಕಣ್ಣಪಾಪೆ ನೋಡಿಯೇ ಸಾವು ಖಚಿತಪಡಿಸುವುದು.

ಇನ್ನೊಂದು ನಂಬಿಕೆ ಅಪಾಯಕ್ಕೇ ದಾರಿ: “ಎಲ್ಲಾ ಸುಟ್ಟು ಬೂದಿ ಆಗ್ತದೆ ಬಿಡು.” ಆಗುವುದಿಲ್ಲ. ಪೇಸ್‌ಮೇಕರಿನ ಹೊರಕವಚ ಟೈಟಾನಿಯಂ. ಅದು ಕರಗಲು 1,668 ಡಿಗ್ರಿ ಸೆಲ್ಸಿಯಸ್ ಬೇಕು, ಸೌದೆಯ ಬೆಂಕಿಗೆ ಅಷ್ಟು ಕಾವಿಲ್ಲ. ಒಳಗಿರುವುದು ಸಾಮಾನ್ಯವಾಗಿ ಲಿಥಿಯಂ–ಅಯೋಡಿನ್ ಬ್ಯಾಟರಿ. ಕಾವೇರಿದಂತೆ ಅಯೋಡಿನ್ ಆವಿಯಾಗುತ್ತದೆ; ಗಾಳಿಯಾಡದ ಆ ಪುಟ್ಟ ಡಬ್ಬಿಯೊಳಗೆ ಒತ್ತಡ ಏರಿ ಕೊನೆಗೆ ಸಿಡಿಯುತ್ತದೆ. ಇಂಥ ಪ್ರಕರಣ ಮೊದಲು ವರದಿಯಾದದ್ದು 1976ರಲ್ಲಿ, ಇಂಗ್ಲೆಂಡಿನ ಸೋಲಿಹಲ್‌ನಲ್ಲಿ. 2002ರಲ್ಲಿ ಪ್ರಕಟವಾದ ಬ್ರಿಟನ್ನಿನ ಸಮೀಕ್ಷೆಯೊಂದರಲ್ಲಿ ಉತ್ತರಿಸಿದ ಚಿತಾಗಾರಗಳ ಪೈಕಿ ಸುಮಾರು ಅರ್ಧದಷ್ಟರಲ್ಲಿ ಪೇಸ್‌ಮೇಕರ್ ಸಿಡಿದ ಅನುಭವವಿತ್ತು. ಅಲ್ಲಿ ಸುಡುವುದು ಇಟ್ಟಿಗೆಯ ಗೂಡಿನೊಳಗೆ. ನಮ್ಮ ಊರ ಸುಡುಗಾಡಿನಲ್ಲಿ ಅಂಥ ಗೋಡೆಯಿಲ್ಲ. ನಾಲ್ಕು ಹೆಜ್ಜೆ ದೂರದಲ್ಲಿ ಮಗ, ಅಳಿಯ, ಮೊಮ್ಮಕ್ಕಳು ನಿಂತಿರುತ್ತಾರೆ. ನಾನು ಇಷ್ಟು ಒತ್ತಿ ಹೇಳುತ್ತಿರುವುದು ಅವರಿಗಾಗಿ. ಮಣ್ಣು ಮಾಡುವ ಮನೆಗಳಿಗೆ ಈ ಭಯವಿಲ್ಲ.

ಹಾಗಾದರೆ ತೆಗೆಸುವುದೆಂದರೆ ಹೆಣ ಕೊಯ್ಯಿಸುವುದೆ? ಪೋಸ್ಟ್‌ಮಾರ್ಟಂ ಏನೂ ಬೇಕಿಲ್ಲ. ಯಂತ್ರ ಕೂತಿರುವುದು ಎದೆಗೂಡಿನ ಹೊರಗೆ, ಚರ್ಮದ ಕೆಳಗೆ. ಹಳೇ ಗಾಯದ ಮೇಲೇ ಒಂದು ಸಣ್ಣ ಗೀಟು, ತಂತಿ ಬೇರ್ಪಡಿಸಿ, ಎರಡು ಹೊಲಿಗೆ. ಕೆಲವೇ ನಿಮಿಷದ ಕೆಲಸ, ಆದರೆ ವೈದ್ಯರೇ ಮಾಡಬೇಕು. ಯಾಕೆಂದರೆ ಕೆಲವರಿಗೆ ಹಾಕಿರುವುದು ಪೇಸ್‌ಮೇಕರ್ ಅಲ್ಲ, ಐಸಿಡಿ. ಎದೆಬಡಿತ ದಿಕ್ಕುತಪ್ಪಿದರೆ ಸುಮಾರು 700–800 ವೋಲ್ಟಿನ ಶಾಕ್ ಕೊಟ್ಟು ಸರಿಪಡಿಸುವ ಯಂತ್ರ. ಆಫ್ ಮಾಡದೆ ಅದರ ತಂತಿ ಕತ್ತರಿಸಿದರೆ ಕತ್ತರಿಸಿದವರಿಗೇ ಶಾಕ್ ಹೊಡೆಯಬಹುದು. ಬ್ಲೇಡು ಹಿಡಿದು ಮನೆಯಲ್ಲೇ ತೆಗೆಯುತ್ತೇವೆ ಎಂದು ಯಾರೂ ಹೊರಡಬಾರದು.

“ಅದ್ರಾಗೆ ಚಿನ್ನ ಐತಂತೆ” ಅನ್ನುವುದಕ್ಕೆ ಹೆಚ್ಚು ಹೇಳಬೇಕಾದ್ದಿಲ್ಲ. ಮಾರಿ ಕಾಸು ಮಾಡುವಂಥದ್ದು ಅದರಲ್ಲಿ ಏನೂ ಇಲ್ಲ.

ಆದರೆ ಮಾರಲು ಬರುವುದಿಲ್ಲ ಅಂದರೆ ಉಪಯೋಗಕ್ಕೆ ಬರುವುದಿಲ್ಲ ಎಂದಲ್ಲ. ಬ್ಯಾಟರಿ ಎಂಟು–ಹತ್ತು ವರ್ಷ ಬರುತ್ತದೆ. ಹಾಕಿಸಿದ ಎರಡನೇ ವರ್ಷಕ್ಕೇ ತೀರಿಕೊಂಡವರ ಯಂತ್ರದಲ್ಲಿ ಇನ್ನೂ ಬಹಳ ಆಯಸ್ಸು ಉಳಿದಿರುತ್ತದೆ. “ಸತ್ತವರ ಮಿಷನ್ ಇನ್ನೊಬ್ಬರಿಗೆ ಆಗಿಬರಲ್ಲ” ಎಂಬ ಮಾತನ್ನು ಮುಂಬೈನ ಹೋಲಿ ಫ್ಯಾಮಿಲಿ ಆಸ್ಪತ್ರೆಯ ಅನುಭವ ಸುಳ್ಳು ಮಾಡಿದೆ. ಅಮೆರಿಕದಲ್ಲಿ ತೀರಿಕೊಂಡವರ ಮನೆಯವರು ಒಪ್ಪಿ ಕೊಟ್ಟ ಪೇಸ್‌ಮೇಕರ್‌ಗಳನ್ನು ಶುದ್ಧಿಮಾಡಿ, ಕೊಳ್ಳಲು ಶಕ್ತಿಯಿಲ್ಲದ 53 ರೋಗಿಗಳಿಗೆ ಆ ಆಸ್ಪತ್ರೆಯಲ್ಲಿ ಹಾಕಿದರು. ಸೋಂಕು ತಗಲಲಿಲ್ಲ, ಯಂತ್ರ ಕೈಕೊಡಲಿಲ್ಲ ಎಂದು 2011ರಲ್ಲಿ ವರದಿ ಬಂತು. ಕೆನಡಾದಿಂದ ಹೋದ ಯಂತ್ರಗಳನ್ನು ಮೆಕ್ಸಿಕೊ ಮೊದಲಾದ ದೇಶಗಳ 1,051 ಮಂದಿಗೆ ಹಾಕಿ ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ ಸೋಂಕು ಶೇಕಡಾ 2.0, ಹೊಸ ಯಂತ್ರ ಹಾಕಿಸಿಕೊಂಡವರಲ್ಲಿ 1.2. ಸಂಖ್ಯಾಶಾಸ್ತ್ರದ ಪ್ರಕಾರ ಇದು ಗಣನೀಯ ವ್ಯತ್ಯಾಸವಲ್ಲ. ಹಾಗೆಂದು, ತೆಗೆಸಿಕೊಟ್ಟ ಕೂಡಲೇ ಯಾರಿಗೋ ಹಾಕುತ್ತಾರೆಂದು ತಿಳಿಯಬೇಡಿ. ಕಂಪನಿಗಳು ಇದನ್ನು ಒಬ್ಬರಿಗೆ ಮಾತ್ರ ಎಂದೇ ಗುರುತು ಹಾಕಿ ಮಾರುತ್ತವೆ. ದಾನ ಮಾಡುವ ಮನಸ್ಸಿದ್ದರೆ ಯಂತ್ರ ಹಾಕಿದ ಆಸ್ಪತ್ರೆಯನ್ನೇ ಕೇಳಬೇಕು.

ಎದೆಬಡಿತ ದಾಖಲಿಸಲು ಎದೆಗೆ ಅಂಟಿಸಿ ಒಂದೆರಡು ದಿನಕ್ಕೆಂದು ಕಳಿಸಿದ ಹೋಲ್ಟರ್ ಮಾನಿಟರ್ ಬೇರೆಯೇ ಕಥೆ. ಅದು ಆಸ್ಪತ್ರೆಯ ಸೊತ್ತು, ಬಿಚ್ಚಿ ವಾಪಸು ಕೊಡಬೇಕು. ಕೊನೆಯ ಗಳಿಗೆಯಲ್ಲಿ ಹೃದಯಕ್ಕೆ ಏನಾಯಿತೆಂಬುದು ಅದರಲ್ಲಿ ದಾಖಲಾಗಿರಬಹುದು.

ಪೇಸ್‌ಮೇಕರ್ ಹಾಕಿಸಿದವರಿಗೆ ಆಸ್ಪತ್ರೆಯವರು ಒಂದು ಕಾರ್ಡು ಕೊಟ್ಟಿರುತ್ತಾರೆ: ಯಾವ ಕಂಪನಿಯದು, ಯಾವ ಮಾದರಿ, ಎಂದು ಹಾಕಿದ್ದು, ಎಲ್ಲಿ ಹಾಕಿದ್ದು. ಬೀರುವಿನಲ್ಲಿ ಆಧಾರ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇರುತ್ತದೆ, ಹುಡುಕಿ. ಯಂತ್ರ ತೆಗೆಸಲು ಪಾವಗಡದ ಹಳ್ಳಿಯಿಂದ ಬೆಂಗಳೂರಿಗೆ ಹೆಣ ಹೊತ್ತೊಯ್ಯಬೇಕಿಲ್ಲ. ಆ ಕಾರ್ಡು ಕೈಯಲ್ಲಿಟ್ಟುಕೊಂಡು ಯಂತ್ರ ಹಾಕಿದ ಆಸ್ಪತ್ರೆಗೆ ಫೋನ್ ಮಾಡಿ, ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೆ ತೋರಿಸಿ, ಚಟ್ಟ ಕಟ್ಟುವ ಮುಂಚೆಯೇ.