ಗೊನೆ ಕೊಂಡವರು, ಕಂದು ಕೊಂಡವರು

ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಗೊನೆ ಬಲಿತ ಗಿಡದ ಬುಡವನ್ನು ಬಾಗಿ ನೋಡಿದರೆ, ಕತ್ತಿಯಂತೆ ಚೂಪಾದ ಎಲೆ ಚಾಚಿಕೊಂಡ ಮೊಳಕಾಲೆತ್ತರದ ಕಂದುಗಳು ಕಾಣುತ್ತವೆ. ಗೊನೆ ಇವತ್ತೇ ಕಲಬುರಗಿಯ ಮಾರುಕಟ್ಟೆಗೆ ಹೋಗಿ ರೊಕ್ಕವಾಗುತ್ತದೆ. ಕಂದನ್ನು ನೆಟ್ಟವರು ವರ್ಷಕ್ಕೂ ಮೀರಿ ಕಾಯಬೇಕು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಜುಲೈ ಕೊನೆಯ ಆಸುಪಾಸಿನಲ್ಲಿ ಬರುವ ಆಟಗಾರರ ವಿನಿಮಯದ ಗಡುವು ಇದೇ ಲೆಕ್ಕದ ಮೇಲೆ ನಿಂತಿದೆ. ಅಲ್ಲಿ 30 ತಂಡಗಳು ತಲಾ 162 ಪಂದ್ಯ ಆಡುತ್ತವೆ. ಗಡುವಿನ ಹೊತ್ತಿಗೆ ಹಂಗಾಮಿನ ಮೂರರಲ್ಲಿ ಎರಡು ಪಾಲು ಮುಗಿದಿರುತ್ತದೆ. ಯಾರಿಗೆ ಆಸೆ ಉಳಿದಿದೆ, ಯಾರಿಗೆ ಇಲ್ಲ ಎಂಬುದು ಬಹುಮಟ್ಟಿಗೆ ಗೊತ್ತಾಗಿರುತ್ತದೆ. ಆಸೆಯುಳ್ಳ ತಂಡ ತನ್ನ ಎಳೆಯ ಹುಡುಗರನ್ನು ಬಿಟ್ಟುಕೊಟ್ಟು ಪಳಗಿದ ಆಟಗಾರನನ್ನು ಪಡೆಯುತ್ತದೆ. ಆಸೆ ಕಳೆದುಕೊಂಡ ತಂಡ ಗೊನೆ ಕೊಟ್ಟು ಕಂದು ಒಯ್ಯುತ್ತದೆ. ಹಾಗಾದರೆ ಈ ಗಡುವಿನಲ್ಲಿ ಗೆದ್ದವರು ಯಾರು? ದೊಡ್ಡ ಹೆಸರು ತಂದವರು ಎಂದು ಪತ್ರಿಕೆಗಳು ಮರುದಿನವೇ ತೀರ್ಪು ಕೊಡುತ್ತವೆ. ನನ್ನ ಎಣಿಕೆ ಬೇರೆ: ತಂಡದಲ್ಲಿ ಯಾವ ಜಾಗ ಖಾಲಿ ಬಿದ್ದಿದೆಯೋ ಅದನ್ನು ಸರಿಯಾಗಿ ಗುರುತಿಸಿದವರು ಗೆಲ್ಲುತ್ತಾರೆ, ತಂದವನ ಹೆಸರು ಎಷ್ಟು ಸಣ್ಣದಿದ್ದರೂ.

2021ರ ಅಟ್ಲಾಂಟಾ ಬ್ರೇವ್ಸ್ ತಂಡವನ್ನು ನೋಡಿ. ಜುಲೈನಲ್ಲಿ ಅದರ ಮುಖ್ಯ ಆಟಗಾರ ರೊನಾಲ್ಡ್ ಅಕುನಾ ಮೊಣಕಾಲಿನ ಗಾಯದಿಂದ ಹೊರಬಿದ್ದ. ಅವನಿಗೆ ಸಮನಾದವನನ್ನು ಹುಡುಕುತ್ತ ಕೂರದೆ, ತಂಡ ಖಾಲಿಯಾದ ಹೊರಮೈದಾನಕ್ಕೆ ನಾಲ್ವರು ಮಧ್ಯಮ ದರ್ಜೆಯವರನ್ನು ಕಡಿಮೆ ಬೆಲೆಗೆ ತಂದಿತು. ಆಗಸ್ಟ್ ಬರುವವರೆಗೂ ಆ ತಂಡದ ಗೆಲುವುಗಳು ಸೋಲುಗಳನ್ನು ಒಮ್ಮೆಯೂ ದಾಟಿರಲಿಲ್ಲ. ಕೊನೆಗೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್ ಅದರದಾಯಿತು. ಆ ಸರಣಿಯ ಶ್ರೇಷ್ಠ ಆಟಗಾರ ಹೊರ್ಹೆ ಸೊಲೇರ್, ಆ ನಾಲ್ವರಲ್ಲಿ ಒಬ್ಬ. ಎರಡೇ ವರ್ಷದ ನಂತರ ಲಾಸ್ ಏಂಜಲೀಸ್ ಏಂಜಲ್ಸ್ ತಂಡ ತನ್ನ ತಾರೆ ಶೋಹೆ ಒಹ್ತಾನಿಯನ್ನು ಉಳಿಸಿಕೊಂಡು, ಕಂದುಗಳನ್ನು ಕೊಟ್ಟು ಗೊನೆಗಳನ್ನು ಕೊಂಡಿತು. ಆಗಸ್ಟ್ ಕೊನೆಯಲ್ಲಿ, ತಂದವರನ್ನೇ ಬಿಟ್ಟುಕೊಡುವ ಸ್ಥಿತಿ ಬಂತು. 73 ಗೆಲುವು, 89 ಸೋಲು. ಡಿಸೆಂಬರ್‌ನಲ್ಲಿ ಒಹ್ತಾನಿಯೂ ಹೊರಟುಹೋದ. ಒಂದಲ್ಲ, ಹತ್ತು ಕಡೆ ತೂತಿದ್ದ ಕೊಡಕ್ಕೆ ಎರಡು ತೇಪೆ ಸಾಲುವುದಿಲ್ಲ.

ಇದು ನಮ್ಮ ಆಟವಲ್ಲ, ನಮಗೇನು ಎಂದು ಕೇಳಬಹುದು. ಐಪಿಎಲ್‌ನಲ್ಲಿ ವಿನಿಮಯ ನಡೆಯುವುದು ಹೆಚ್ಚಾಗಿ ಹರಾಜಿಗೆ ಮುಂಚೆ. 2016ರ ಹಂಗಾಮಿಗೆ ಕೆ.ಎಲ್. ರಾಹುಲ್ ಹೈದರಾಬಾದ್‌ನಿಂದ ಬೆಂಗಳೂರಿಗೆ ಮರಳಿ 397 ರನ್ ಹೊಡೆದದ್ದು ಆ ದಾರಿಯಲ್ಲೇ. 2018ರಲ್ಲಿ ಹಂಗಾಮಿನ ನಡುವೆಯೂ ಆಟಗಾರರನ್ನು ಪಡೆಯಲು ಅವಕಾಶ ತೆರೆದರು, ಆದರೆ ತಂಡಗಳು ಅದಕ್ಕೆ ಮನಸ್ಸು ಮಾಡಲಿಲ್ಲ. ಕಾರಣ ಸರಳ. ಲೀಗ್ ಹಂತದಲ್ಲಿ ಇರುವುದೇ 14 ಪಂದ್ಯ. ಕೊನೆಯ ವಾರಗಳವರೆಗೂ ಹೆಚ್ಚಿನವರು ಲೆಕ್ಕ ಹಾಕುತ್ತಲೇ ಇರುತ್ತಾರೆ. ಆಸೆ ಬಿಟ್ಟವರೇ ವಿರಳವಾದ ಸಂತೆಯಲ್ಲಿ ಮಾರುವವರು ಎಲ್ಲಿಂದ ಬರಬೇಕು? ಹೀಗಾಗಿ ನಮ್ಮಲ್ಲಿ ಹಂಗಾಮಿನ ನಡುವೆ ತಂಡ ಬದಲಾಗುವ ಬಾಗಿಲು ಬಹುಮಟ್ಟಿಗೆ ಒಂದೇ: ಗಾಯಗೊಂಡವನ ಜಾಗಕ್ಕೆ ಬದಲಿ ಆಟಗಾರ.

ಆ ಬಾಗಿಲಿನಿಂದ ಬಂದವರ ಕಥೆಯನ್ನು ಬೆಂಗಳೂರು ತಂಡದಷ್ಟು ಚೆನ್ನಾಗಿ ಹೇಳುವವರಿಲ್ಲ. 2011ರಲ್ಲಿ ಸತತ ಸೋಲಿನಲ್ಲಿದ್ದ ತಂಡಕ್ಕೆ ಡರ್ಕ್ ನ್ಯಾನಿಸ್ ಬದಲಿಗೆ ಬಂದ ಕ್ರಿಸ್ ಗೇಲ್ ಆ ವರ್ಷದ ಹರಾಜಿನಲ್ಲಿ ಮಾರಾಟವಾಗದೆ ಉಳಿದಿದ್ದವನು. ಮೊದಲ ಪಂದ್ಯದಲ್ಲೇ ಶತಕ, ಒಟ್ಟು 608 ರನ್. ತಂಡ ಫೈನಲ್ ತಲುಪಿತು. 2022ರಲ್ಲಿ ನಮ್ಮ ಲವ್‌ನೀತ್ ಸಿಸೋಡಿಯಾ ಗಾಯಗೊಂಡಾಗ 20 ಲಕ್ಷಕ್ಕೆ ಬಂದ ರಜತ್ ಪಾಟಿದಾರ್ ಎಲಿಮಿನೇಟರ್‌ನಲ್ಲಿ ಔಟಾಗದೆ 112 ಹೊಡೆದ. 2025ರ ಮೇ ತಿಂಗಳಲ್ಲಿ ದೇವದತ್ತ ಪಡಿಕ್ಕಲ್ ಗಾಯದಿಂದ ಹೊರಗುಳಿದಾಗ ಕರ್ನಾಟಕದವನೇ ಆದ ಮಯಂಕ್ ಅಗರ್‌ವಾಲ್ ಬಂದ. ಲಖನೌ ವಿರುದ್ಧ 228ರ ಗುರಿ ಬೆನ್ನಟ್ಟುವಾಗ ಜಿತೇಶ್ ಶರ್ಮಾ 85 ಹೊಡೆದು ಮಿಂಚಿದ. ಇನ್ನೊಂದು ತುದಿಯಲ್ಲಿ ಮಯಂಕ್ 23 ಎಸೆತಗಳಲ್ಲಿ 41 ಮಾಡಿ ಔಟಾಗದೆ ಉಳಿದ. ಜೂನ್ 3ರ ಫೈನಲ್‌ನಲ್ಲಿ ಅವನ ಪಾಲು 24 ರನ್. ಪಂದ್ಯ ಗೆದ್ದದ್ದು 6 ರನ್‌ಗಳಿಂದ. ಆ 24ನ್ನು ಯಾರೂ ಪೋಸ್ಟರ್ ಮಾಡಿ ಹಚ್ಚಲಿಲ್ಲ, ಆದರೆ ಜಾಗ ತುಂಬುವುದು ಎಂದರೆ ಇದೇ.

ಇದೆಲ್ಲ ಅದೃಷ್ಟ, ಗೆದ್ದ ಉದಾಹರಣೆಗಳನ್ನಷ್ಟೇ ಆರಿಸಿ ತೋರಿಸಿದ್ದೀರಿ ಎನ್ನುವವರ ಮಾತಿನಲ್ಲಿ ತೂಕವಿದೆ. ಬಂದು ಒಂದೂ ಪಂದ್ಯ ಆಡದೆ ಹೋದ ಬದಲಿಗಳು ಎಷ್ಟೋ. ಗೇಲ್ ಬಂದರೂ ಆ ವರ್ಷ ಕಪ್ ಬರಲಿಲ್ಲ. ಚೆನ್ನೈ 58 ರನ್‌ಗಳಿಂದ ಗೆದ್ದಿತು. ಬೌಲರ್ ಬದಲಿಗೆ ಬ್ಯಾಟರ್ ತಂದದ್ದೂ ಅದೇ ವರ್ಷ, ಅಂದರೆ ಗಾಯಗೊಂಡವನ ಜಾಗವೇ ತುಂಬಬೇಕಾದ ಜಾಗ ಎಂದೇನೂ ಇಲ್ಲ. ಇಲ್ಲಿ ನನ್ನ ವಾದ ಇನ್ನಷ್ಟು ಗಟ್ಟಿಯಾಗುತ್ತದೆ ಎಂದೇ ತಿಳಿಯುತ್ತೇನೆ. ಸರಿಯಾದ ಆಯ್ಕೆ ಕಪ್ಪಿನ ಖಾತ್ರಿ ಕೊಡುವುದಿಲ್ಲ, ಕಪ್ಪಿನ ಹತ್ತಿರ ಒಯ್ಯುತ್ತದೆ. ಅಲ್ಲಿಂದಾಚೆ ಅದೃಷ್ಟಕ್ಕೂ ಪಾಲುಂಟು.

ಕಲಬುರಗಿಯ ಹೆಸರು ಹೊತ್ತ ಗುಲ್ಬರ್ಗಾ ಮಿಸ್ಟಿಕ್ಸ್‌ಗೆ ಈ ಬಾಗಿಲೂ ಕಿರಿದು. ಅದು ಆಡುವ, ಕರ್ನಾಟಕದ್ದೇ ಟಿ20 ಲೀಗ್ ಆದ ಮಹಾರಾಜ ಟ್ರೋಫಿಯಲ್ಲಿ ಆರು ತಂಡ, ಲೀಗ್ ಹಂತದಲ್ಲಿ ತಲಾ 10 ಪಂದ್ಯ, ಎರಡು-ಮೂರು ವಾರಗಳಲ್ಲಿ ಎಲ್ಲ ಮುಗಿಯುತ್ತದೆ. 2022ರ ಮೊದಲ ವರ್ಷ ಆಟಗಾರರನ್ನು ಡ್ರಾಫ್ಟ್ ಮೂಲಕ ಹಂಚಿದ್ದರು. ಮನೀಷ್ ಪಾಂಡೆ ನಾಯಕ, ಪಡಿಕ್ಕಲ್ ಜೊತೆಗೆ; ಫೈನಲ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ವಿರುದ್ಧ 11 ರನ್‌ಗಳ ಗೆಲುವು. ಮರುವರ್ಷ ಹರಾಜು ಬಂತು, ತಂಡಕ್ಕೆ 50 ಲಕ್ಷದ ಮಿತಿ. ಪಾಂಡೆ ಹುಬ್ಬಳ್ಳಿ ಟೈಗರ್ಸ್‌ಗೆ ಹೋದರು, ಆ ವರ್ಷದ ಕಪ್ಪೂ ಹುಬ್ಬಳ್ಳಿಗೆ ಹೋಯಿತು. ಇಲ್ಲಿ ಹಂಗಾಮಿನ ನಡುವೆ ತಿದ್ದಿಕೊಳ್ಳಲು ಹೊತ್ತಿಲ್ಲದ ಕಾರಣ ಖಾಲಿ ಜಾಗವನ್ನು ಹರಾಜಿನ ಮೇಜಿನ ಮುಂದೆಯೇ ಕಾಣಬೇಕು. ಕಂದನ್ನು ನೆಡುವ ನೆಲವೂ ಬೇಕು: ಕಮಲಾಪುರದ ಹುಡುಗ ರಾಯಚೂರು ವಲಯದ ಪಂದ್ಯಗಳಲ್ಲಿ ಆಡಿ ಮೇಲೆ ಬರಬೇಕಾದವನು, ಮಿಸ್ಟಿಕ್ಸ್ ಆಡುವ ಪಂದ್ಯಗಳೋ ಮೈಸೂರಿನಲ್ಲಿ, ಬೆಂಗಳೂರಿನಲ್ಲಿ. ಕಲಬುರಗಿಯ ಹೆಸರಿನ ತಂಡ ಗೊನೆಗಳಿಗೆ ಸುರಿಯುವ ರೊಕ್ಕದಲ್ಲಿ ಒಂದು ಪಾಲನ್ನು ಈ ಊರಿನ ಮ್ಯಾಟ್ ಮತ್ತು ಟರ್ಫ್ ಪಿಚ್‌ಗಳಿಗೆ, ತರಬೇತುದಾರರಿಗೆ ಮೀಸಲಿಟ್ಟರೆ, ಮುಂದೆ ಯಾರೋ ಗಾಯಗೊಂಡ ದಿನ ಕರೆಯಲು ಹತ್ತಿರದಲ್ಲೇ ಒಬ್ಬ ಸಿಗುತ್ತಾನೆ.