ಮೂವತ್ತು ಸಾವಿರ ಹೊಲಿಗೆಯ ಉಡುಗೊರೆ

ದಿನವೂ ಉಡುವ ನೂಲಿನ ಸೀರೆ ಒಮ್ಮೆಲೇ ಹರಿಯುವುದಿಲ್ಲ. ಮೊದಲು ಸೊಂಟಕ್ಕೆ ಸಿಕ್ಕಿಸುವ ಕಡೆ ಎಳೆ ಸವೆಯುತ್ತದೆ. ಆಮೇಲೆ ಹಿಮ್ಮಡಿಗೆ ತಾಗುವ ದಡಿ ಬಿಚ್ಚುತ್ತದೆ. ಕೊನೆಗೊಂದು ದಿನ ಒಗೆಯುವ ಕಲ್ಲಿನ ಮೇಲೆ ನಡುವೆಯೇ ಸೀಳಿಕೊಳ್ಳುತ್ತದೆ. ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಡೆಯ ಮನೆಗಳಲ್ಲಿ ಅಂಥ ಸೀರೆ ನೆಲ ಒರೆಸುವ ಅರಿವೆ ಆಗುವ ಮೊದಲೇ ಹಿರಿಯರು ಯಾರಾದರೂ ಕೈ ತಡೆಯುತ್ತಿದ್ದರು: ‘ಇರಲಿ ಬಿಡವ್ವಾ, ಕೌದಿಗೆ ಬರ್ತೈತಿ.’ ಒಗೆದು ಒಣಗಿಸಿದ ಸೀರೆ ಅಟ್ಟದ ಗಂಟಿಗೆ ಸೇರುತ್ತಿತ್ತು. ಆ ಗಂಟಿನಲ್ಲಿ ಮೊದಲೇ ಅಜ್ಜನ ಧೋತರ, ಕುಪ್ಪಸದಿಂದ ಬಿಚ್ಚಿದ ಗುಳೇದಗುಡ್ಡದ ಖಣ, ಶಾಲೆ ಬಿಟ್ಟ ಹುಡುಗನ ಗೀರಿನ ಅಂಗಿ ಕೂತಿರುತ್ತಿದ್ದವು. ಒಂದು ಕೌದಿಗೆ ಸಾಲುವಷ್ಟು ಅರಿವೆ ಕೂಡಲು ಕೆಲವು ವರ್ಷಗಳೇ ಬೇಕು. ಯಾರಿಗಾಗಿ ಹೊಲಿಯುವುದೋ ಆ ಮಗು ಆಗ ಇನ್ನೂ ಹುಟ್ಟಿರುವುದೂ ಇಲ್ಲ.

ಕೌದಿಯ ಮಾತು ಬಂದಾಗಲೆಲ್ಲ ಮಿತವ್ಯಯದ ಮಾತೂ ಹಿಂದೆಯೇ ಬರುತ್ತದೆ. ಏನನ್ನೂ ಬಿಸಾಡದ ಹೆಂಗಸರ ಜಾಣತನ, ಬಡತನದ ಕಲೆ ಎಂದೆಲ್ಲ ಬರೆಯುತ್ತಾರೆ. ಅದು ನಿಜವೇ, ಆದರೆ ಅರ್ಧ ನಿಜ. ಹೊಸ ಹಚ್ಚಡ, ಸೊಲ್ಲಾಪುರದ ಚಾದರ ಕೊಳ್ಳಬಲ್ಲ ಉಳ್ಳವರ ಮನೆಯಲ್ಲೂ ಕೌದಿಯ ಅಟ್ಟಿ ಇರುತ್ತಿತ್ತು. ಮನೆಯವರು ಉಟ್ಟು ಸವೆಸಿದ ಬಟ್ಟೆಯನ್ನೇ ಮನೆಯ ಇನ್ನೊಂದು ಜೀವಕ್ಕೆ ಹೊದಿಸುವುದು ಅದರ ಮೊದಲ ಉದ್ದೇಶ, ಉಳಿತಾಯ ಆಮೇಲಿನದು ಎಂದೇ ನಾನು ತಿಳಿದಿದ್ದೇನೆ. ಕೌದಿ ಹಾಸಿದಾಗ ಹೆಂಗಸರು ಬೆರಳಿಟ್ಟು ತೋರಿಸುವ ರೀತಿ ನೋಡಿದರೆ ಇದು ಗೊತ್ತಾಗುತ್ತದೆ. ಇದು ನಮ್ಮವ್ವನ ಸೀರಿ, ಇದು ಅತ್ತೀದು, ಇದು ನಮ್ಮ ಹಿರೇ ಮಗನ ತೊಟ್ಟಿಲ ದುಪ್ಪಟಿ. ಬಣ್ಣ ಚೆಂದ ಆಯಿತೋ ಇಲ್ಲವೋ ಎಂಬ ಮಾತು ಬರುವುದು ಆಮೇಲೆ.

ಕಟ್ಟುವ ಬಗೆ ಹೀಗೆ. ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ಮೊದಲು ಒಂದು ಇಡೀ ಸೀರೆಯನ್ನು ಅಸ್ತರವಾಗಿ ಹಾಸಿ, ಮೂಲೆಗಳಿಗೆ ಭಾರ ಇಡುತ್ತಾರೆ. ಅದರ ಮೇಲೆ ತೀರ ಹರಿದ, ಬಣ್ಣಗೆಟ್ಟ ಅರಿವೆಗಳನ್ನು ಸುಕ್ಕಿಲ್ಲದಂತೆ ಹರಡುತ್ತಾರೆ. ಹತ್ತಿ ತುಂಬುವ ಗಾದಿಯ ಹಾಗೆ ಇಲ್ಲಿ ಬೇರೆ ತುಂಬುವ ವಸ್ತುವಿಲ್ಲ, ಹಳೆ ಅರಿವೆಯೇ ಹೊಟ್ಟೆ ತುಂಬುತ್ತದೆ. ಪದರು ಸರಿಯದಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ, ಮೇಲೆ ಬಣ್ಣದ ತುಂಡುಗಳನ್ನು ಅಂಚು ಮಡಚಿ ಕೂರಿಸುತ್ತಾರೆ. ಆಮೇಲೆ ದಪ್ಪ ಸೂಜಿ, ಗಟ್ಟಿ ನೂಲು, ಒಂದೇ ಬಗೆಯ ಹೊಲಿಗೆ. ಸೂಜಿ ಕೆಳಗಿಳಿದು ಮೇಲೇಳುತ್ತ ಸಾಗುವ ಸಾದಾ ಸಾಲು. ನಾಲ್ಕೈದು ಹೊಲಿಗೆಯನ್ನು ಸೂಜಿಯ ಮೇಲೇ ಕೂಡಿಸಿಕೊಂಡು ಒಮ್ಮೆಗೆ ದಾರ ಜಗ್ಗುತ್ತಾರೆ. ಈ ಸಾಲುಗಳು ಅಂದಕ್ಕೆ ಮಾತ್ರ ಇರುವವಲ್ಲ. ಒಳಗಿನ ಚಿಂದಿ ಒಗೆದಾಗ ಮುದ್ದೆಗಟ್ಟದಂತೆ ಹಿಡಿಯುವುದು ಅವೇ, ಪದರು ಪದರಿನ ನಡುವೆ ಗಾಳಿಯನ್ನು ಸಿಕ್ಕಿಸಿ ಮೈ ಬೆಚ್ಚಗಿಡುವುದೂ ಅವೇ. ನೂರಾರು ಸಲ ಒಗೆದ ನೂಲಿನಲ್ಲಿ ಗಂಜಿಯೂ ಇಲ್ಲ, ಒರಟುತನವೂ ಇಲ್ಲ. ಎಳೆಗೂಸಿನ ಚರ್ಮಕ್ಕೆ ಹೊಸ ಬಟ್ಟೆ ತಾಗಿಸದೆ ಹಳೆಯದನ್ನೇ ಸುತ್ತುವ ನಮ್ಮ ಪದ್ಧತಿಯ ಹಿಂದೆ ಈ ಅನುಭವ ಇದೆ.

ಇದರ ದುಡಿಮೆ ಎಷ್ಟು ಎಂದು ಲೆಕ್ಕ ಹಾಕಿದವರು ಕಡಿಮೆ. ಐದು ಅಡಿ ಅಗಲ, ಏಳು ಅಡಿ ಉದ್ದದ ಒಬ್ಬರ ಕೌದಿ ಎಂದಿಟ್ಟುಕೊಳ್ಳಿ. ಅರ್ಧ ಇಂಚಿಗೊಂದು ಸಾಲು ಹಿಡಿದರೆ 120 ಸಾಲು, ಒಟ್ಟು 840 ಅಡಿ ಹೊಲಿಗೆ. ಅಂದರೆ ಕಾಲು ಕಿಲೋಮೀಟರಿಗಿಂತ ತುಸು ಹೆಚ್ಚು. ಇಂಚಿಗೆ ಮೂರು ಹೊಲಿಗೆ ಬಿದ್ದರೆ ಮೂವತ್ತು ಸಾವಿರ. ನಿಮಿಷಕ್ಕೆ ಹತ್ತು ಹಾಕುವ ಪಳಗಿದ ಕೈಗೂ ಇದು 50 ಗಂಟೆಯ ಕೆಲಸ. ಅರಿವೆ ಹರಿದು, ಹೊಂದಿಸಿ, ಹಾಸುವ ಹೊತ್ತು ಇದರಲ್ಲಿ ಸೇರಿಲ್ಲ. ಮನೆಗೆಲಸ, ಹೊಲದ ಕೆಲಸದ ನಡುವೆ ಮಧ್ಯಾಹ್ನದ ಒಂದೊಂದು ತಾಸು ಕದ್ದು ಕೂರುವ ತಾಯಿಗೆ ಒಂದು ಕೌದಿ ಎಂದರೆ ಎರಡು ತಿಂಗಳ ಮಾತು.

ಹಾಗಾಗಿ ಸುಗ್ಗಿ ಮುಗಿದು ಮುಂಗಾರು ಶುರುವಾಗುವ ನಡುವಿನ ಒಣ ದಿನಗಳು ಕೌದಿಯ ಕಾಲ. ಕಾಳು ಮನೆಗೆ ಬಂದಿರುತ್ತದೆ, ಬಿತ್ತನೆ ಇನ್ನೂ ದೂರ. ಓಣಿಯ ಹೆಂಗಸರು ನಾಲ್ಕು ದಿಕ್ಕಿಗೆ ಕೂತು ಒಂದೇ ಕೌದಿಗೆ ಕೈ ಹಚ್ಚುತ್ತಾರೆ. ಇವತ್ತು ಇವರ ಮನೆಯದು, ನಾಳೆ ಅವರ ಮನೆಯದು. ಹೊಲಿಯುವ ಕೈಗಳ ಹದ ಒಂದೊಂದು. ಒಬ್ಬರ ಸಾಲು ದಾರ ಹಿಡಿದು ಎಳೆದಷ್ಟು ನೇರ, ಇನ್ನೊಬ್ಬರದು ಕೊಂಚ ಓರೆ. ಮುಗಿದ ಮೇಲೂ ಯಾರ ಮೂಲೆ ಯಾವುದು ಎಂದು ಓಣಿಗೇ ಗೊತ್ತಿರುತ್ತದೆ.

ಸ್ವಂತ ಕೈ ಸಾಲದ ಮನೆಗಳಿಗೆ ಅಲೆಮಾರಿ ಹೆಂಗಸರು ಬರುತ್ತಿದ್ದರು. ಗೊಂದಲಿಗ ಸಮುದಾಯದ ಗಂಡಸರು ಅಂಬಾಭವಾನಿಯ ಹೆಸರಲ್ಲಿ ರಾತ್ರಿಯಿಡೀ ಗೊಂದಲ ಹಾಕಿದರೆ, ಹೆಂಗಸರು ಹಗಲು ಊರ ಮನೆಗಳ ಕೌದಿ ಹೊಲಿಯುತ್ತಿದ್ದರು. ಜೋಳ, ಹಳೆ ಸೀರೆ, ಒಂದಿಷ್ಟು ರೊಕ್ಕ ಅವರ ಕೂಲಿ. ಈಗಲೂ ಉತ್ತರ ಕರ್ನಾಟಕದ ಊರುಗಳಲ್ಲಿ ಈ ಕಸುಬು ಪೂರ್ತಿ ನಿಂತಿಲ್ಲ. ನಮ್ಮ ಎಷ್ಟೋ ಮನೆಗಳ ‘ಅಜ್ಜಿಯ ಕೌದಿ’ ಹೊಲಿದವರು ಹೆಸರೂ ಗೊತ್ತಿಲ್ಲದ ಇಂಥ ಹೆಂಗಸರು. ಅರಿವೆ ಅಜ್ಜಿಯದು, ಬೆರಳು ಅವರದು. ಉಡುಗೊರೆಯ ಕತೆ ಹೇಳುವಾಗ ಅವರನ್ನು ಬಿಟ್ಟು ಹೇಳುವುದು ಸರಿಯಲ್ಲ.

ಕೌದಿ ಕೈಯಿಂದ ಕೈಗೆ ದಾಟುವ ದೊಡ್ಡ ಸಂದರ್ಭ ಚೊಚ್ಚಲ ಬಾಣಂತನ. ಕುಬಸ ಮಾಡಿಸಿಕೊಂಡು ತವರಿಗೆ ಬಂದ ಮಗಳು ಹೆತ್ತು, ತಿಂಗಳುಗಳ ಆರೈಕೆ ಮುಗಿಸಿ ಗಂಡನ ಮನೆಗೆ ಹೊರಟಾಗ ಕೂಸಿನ ಜೊತೆ ತೊಟ್ಟಿಲು, ಕುಲಾಯಿ, ಕುಂಚಿಗಿ, ಪುಟ್ಟ ಕೌದಿ ಹೋಗಬೇಕು. ಆ ಪುಟ್ಟ ಕೌದಿಗೆ ಉಳಿದವಕ್ಕಿಂತ ಹೆಚ್ಚು ಬಣ್ಣ. ಖಣದ ಮುಕ್ಕೋನಗಳು, ಇಳಕಲ್ ಸೆರಗಿನ ಕೆಂಪು ಪಟ್ಟಿ ನಡುವೆ. ಬೀಗರ ಮನೆಯಲ್ಲಿ ಅದನ್ನು ಬಿಚ್ಚಿ ನೋಡುತ್ತಾರೆಂದು ತವರಿನವರಿಗೆ ಗೊತ್ತು, ಹೊಲಿಗೆ ಒತ್ತೊತ್ತಾಗಿರುತ್ತದೆ. ಈಗ ಈ ಪಯಣ ಇನ್ನೂ ದೂರದ್ದು. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ತಾಯಿ 23 ಕಿಲೋ ತೂಕದ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಅಂಟಿನುಂಡೆ, ಕೌದಿ ಮೂರಕ್ಕೂ ಜಾಗ ಹುಡುಕುತ್ತಾಳೆ. ಐದಾರು ಸೀರೆ ಹಿಡಿದ ದೊಡ್ಡ ಕೌದಿ ಮೂರು ಕಿಲೋ ತೂಗಿದರೂ ಅಚ್ಚರಿಯಿಲ್ಲ, ಹಾಗಾಗಿ ಹೋಗುವುದು ಕೂಸಿನದು ಮಾತ್ರ.

ಉತ್ತರ ಕನ್ನಡದ ಕಾಡಂಚಿನಲ್ಲಿ ಇದೇ ಕೆಲಸಕ್ಕೆ ಬೇರೊಂದು ಗುಣ ಬಂದಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಸಿದ್ದಿಯರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟವರಲ್ಲಿ ಹಲವರು ತಪ್ಪಿಸಿಕೊಂಡು ಈ ಕಾಡು ಸೇರಿದರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಸಿದ್ದಿ ಹೆಂಗಸರು ತಮ್ಮ ಕೌದಿಯನ್ನು ಕವಂದಿ ಎನ್ನುತ್ತಾರೆ. ಅದು ಅಂಚಿನಿಂದ ಶುರುವಾಗಿ ಸುತ್ತು ಹಾಕುತ್ತ ನಡುವಿಗೆ ಬರುತ್ತದೆ. ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ. ಮುಂದಿನ ತುಂಡು ಯಾವುದು ಎಂಬುದು ಗಂಟಿಗೆ ಕೈ ಹಾಕಿದಾಗಲೇ ತೀರ್ಮಾನ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫೂಲಾ’ ಹಚ್ಚಬೇಕು. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಎಂದೇ ಅವರ ಭಾವನೆ. ಸಿದ್ದಿಯರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಕೆಲವು ಕವಂದಿಗಳಲ್ಲಿ ಶಿಲುಬೆ, ಇನ್ನು ಕೆಲವುಗಳಲ್ಲಿ ಅರ್ಧಚಂದ್ರ ಕಾಣುತ್ತದೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಇವುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಇವುಗಳ ಪ್ರದರ್ಶನ ನಡೆಯಿತು. ಮನೆಯ ಮಕ್ಕಳ ಮೈ ಮುಚ್ಚಲು ಹೊಲಿದದ್ದು ಗೋಡೆಯ ಮೇಲೆ ತೂಗಿತು. ನನಗೆ ಅದು ಸಂತೋಷವೇ. ಹೊಲಿದವರಿಗೆ ತಮ್ಮ ಬಣ್ಣದ ಕಣ್ಣಿನ ಬೆಲೆ ಹೊರಗಿನವರ ಬಾಯಲ್ಲೂ ಕೇಳಿಸಬೇಕಿತ್ತು.

ಮನೆಯ ಕೈಗಳಿಂದ ಕೂಸಿಗೆ ಸಿಗುವ ಇನ್ನೊಂದು ಬೆಚ್ಚನೆಯ ಉಡುಗೊರೆ ಉಲನ್ ಹೆಣಿಗೆ. ಹೆಣೆಯುವ ಕಡ್ಡಿ ನಮ್ಮಲ್ಲಿಗೆ ಬಂದದ್ದು ತಡವಾಗಿ, ಬಹುಮಟ್ಟಿಗೆ ಮಿಷನ್ ಶಾಲೆ, ಕಾನ್ವೆಂಟುಗಳ ಹೊಲಿಗೆ ತರಗತಿಗಳ ಮೂಲಕ. ಅಲ್ಲಿಂದ ಮನೆಗಳಿಗೆ ಇಳಿದು ಒಂದೆರಡು ತಲೆಮಾರಿನಲ್ಲೇ ಉಲ್ಟಾ, ಸುಲ್ಟಾ ಎಂಬ ಲೆಕ್ಕ ಬಸ್ಸಿನಲ್ಲಿ, ಕಚೇರಿಯ ಊಟದ ಬಿಡುವಿನಲ್ಲಿ, ರೇಡಿಯೊ ಮುಂದೆ ಕೇಳಿಸತೊಡಗಿತು. 1962ರ ಚೀನಾ ಯುದ್ಧದಲ್ಲಿ ಹಿಮದ ಗಡಿಯ ಜವಾನರಿಗೆ ಬೆಚ್ಚನೆಯ ಬಟ್ಟೆ ಇಲ್ಲವೆಂದು ತಿಳಿದಾಗ ದೇಶದ ಊರೂರಿನ ಹೆಂಗಸರು ಮುಖ ನೋಡದ ಹುಡುಗರಿಗಾಗಿ ಸ್ವೆಟರ್ ಹೆಣೆದು ಕಳಿಸಿದರು. ಆ ಕಾಲದ ಮನೆಗಳಲ್ಲಿ ಈಗಲೂ ಆ ನೆನಪು ಇದೆ.

ಕೌದಿಗೆ ಮೈ ಅಳತೆ ಬೇಡ, ಸ್ವೆಟರಿಗೆ ಬೇಕು. ಅದರಲ್ಲೂ ಕೂಸಿನ ಸ್ವೆಟರ್ ಹೆಣೆಯುವವರು ಪಂಚಾಂಗ ನೋಡಲೇಬೇಕು. ನಮ್ಮ ಕಡೆ ಚಳಿ ಇರುವುದು ಮೂರು ತಿಂಗಳು. ಏಪ್ರಿಲ್‌ನಲ್ಲಿ ಹುಟ್ಟುವ ಮಗುವಿಗೆ ಎಳೆಗೂಸಿನ ಅಳತೆಯಲ್ಲಿ ಹೆಣೆದರೆ ಅದು ಒಮ್ಮೆಯೂ ಮೈಗೇರದೆ ಚಿಕ್ಕದಾಗುತ್ತದೆ. ಡಿಸೆಂಬರ್‌ನಲ್ಲಿ ಅದಕ್ಕೆ ಎಂಟು ತಿಂಗಳಾಗಿರುತ್ತದೆ, ಆ ಅಳತೆ ಹಿಡಿಯಬೇಕು. ಮೈಗೆ ಹೋಲಿಸಿದರೆ ಮಗುವಿನ ತಲೆ ದೊಡ್ಡದು. ಆದ್ದರಿಂದ ಕುತ್ತಿಗೆ ಬಿಗಿ ಇರಬಾರದು, ಭುಜದ ಮೇಲೆ ಎರಡು ಗುಂಡಿ ಕೊಟ್ಟರೆ ತೊಡಿಸುವವರು ಹರಸುತ್ತಾರೆ. ತೂತು ತೂತಿನ ಡಿಸೈನು ನೋಡಲು ಚೆಂದ, ಆದರೆ ಪುಟ್ಟ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಪೇಟೆಯಲ್ಲಿ ಉಲನ್ ಎಂದು ಸಿಗುವ ಹೆಚ್ಚಿನ ದಾರ ಅಕ್ರಿಲಿಕ್. ಒಗೆಯಲು ಸುಲಭ, ಚುಚ್ಚುವುದಿಲ್ಲ. ಆದರೆ ಬೆಂಕಿಗೆ ಕರಗಿ ಮೈಗೆ ಅಂಟುತ್ತದೆ. ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ಮನೆಗೆ ನೂಲಿನ ದಾರದ್ದೋ ನಿಜವಾದ ಉಣ್ಣೆಯದ್ದೋ ಹೆಣೆದು ಕೊಡುವುದು ಒಳ್ಳೆಯದು.

ಚಿಕ್ಕದಾದ ಸ್ವೆಟರಿಗೂ ಮುಂದಿನ ಜನ್ಮ ಉಂಟು. ತುದಿಯ ಗಂಟು ಬಿಚ್ಚಿ ಎಳೆದರೆ ಇಡೀ ಅಂಗಿ ಮತ್ತೆ ದಾರವಾಗುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ತೊಳೆದು, ಸಣ್ಣ ಭಾರ ಕಟ್ಟಿ ನೇತುಹಾಕಿದರೆ ಸುರುಳಿ ನೇರವಾಗುತ್ತದೆ. ಅಣ್ಣನ ಸ್ವೆಟರ್ ತಂಗಿಯದಾಗುತ್ತಿದ್ದದ್ದು ಹೀಗೆಯೇ, ತೋಳಿಗೆ ಬೇರೆ ಬಣ್ಣ ಸೇರಿ. ಕೌದಿ ಮತ್ತು ಹೆಣಿಗೆ ಹುಟ್ಟಿನಲ್ಲಿ ದೂರದವು. ಇಲ್ಲಿ ಮಾತ್ರ ಇವು ಒಂದೇ ಮನೆಯ ಮಕ್ಕಳು.

ಕೌದಿ ಕಡಿಮೆಯಾದದ್ದು ಹೆಂಗಸರು ಸೋಮಾರಿಗಳಾದರೆಂದಲ್ಲ. ಮೊದಲ ಪೆಟ್ಟು ಕೊಟ್ಟದ್ದು ಪಾಲಿಯೆಸ್ಟರ್ ಸೀರೆ. ಅದು ಬೆವರು ಹೀರುವುದಿಲ್ಲ, ಪದರಿನ ಮೇಲೆ ಪದರು ಜಾರುತ್ತದೆ, ಹಳತಾದರೂ ಮೆತ್ತಗಾಗುವುದಿಲ್ಲ. ಹೊಲಿಯಲು ಹಳೆ ನೂಲೇ ಇಲ್ಲದ ಮೇಲೆ ಸೂಜಿ ಏನು ಮಾಡೀತು? ಉಳಿದಷ್ಟನ್ನು ಓಣಿಗೆ ಬರುವ ಸ್ಟೀಲ್ ಪಾತ್ರೆಯವರು ಒಂದು ಡಬರಿಯ ಬದಲಿಗೆ ಒಯ್ದರು. ಇನ್ನೊಂದು ಕಡೆಯಿಂದ ಪಾಣಿಪತ್ತಿನ ಅಗ್ಗದ ಕಂಬಳಿಗಳು ಸಂತೆಗೆ ಬಂದವು. ಅವೂ ಹಳೆ ಉಣ್ಣೆ ಬಟ್ಟೆಯನ್ನು ಯಂತ್ರದಲ್ಲಿ ಸೀಳಿ ನೂತು ಮಾಡಿದವೇ, ಆದರೆ ಯಾರ ಬಟ್ಟೆಯೋ.

ಈಚೆಗೆ ಕೌದಿ ಮತ್ತೆ ಬೇಡಿಕೆಗೆ ಬಂದಿದೆ. ಹೊಸ ಬಟ್ಟೆಯ ತುಂಡುಗಳಿಂದ ಹೊಲಿಸಿ ಪೇಟೆಯ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಮಾರುತ್ತಾರೆ. ಇದರ ಬಗ್ಗೆ ನನ್ನ ತಕರಾರು ಒಂದೇ, ಕೂಲಿಯದು. ತಾಯಿ ಮಗಳಿಗೆ ಹೊಲಿದಾಗ ಬೆಲೆ ಕಟ್ಟುವ ಪ್ರಶ್ನೆಯೇ ಇಲ್ಲ. ಆ ಅಭ್ಯಾಸದಲ್ಲೇ ಕೊಳ್ಳುವವರೂ ಹೊಲಿಗೆಯನ್ನು ಬಿಡುವಿನ ಕೆಲಸವೆಂದು ತಿಳಿದು ಚೌಕಾಸಿಗೆ ಇಳಿಯುತ್ತಾರೆ. ಮೇಲಿನ ಲೆಕ್ಕಕ್ಕೇ ಬನ್ನಿ. 50 ಗಂಟೆಯ ಹೊಲಿಗೆ, ಜೊತೆಗೆ ಹಾಸುವ ಹೊತ್ತು ಸೇರಿ ಕಡಿಮೆಯೆಂದರೂ ಏಳು ದಿನ. 2024–25ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 349 ರೂಪಾಯಿ ಇತ್ತು. ಮಣ್ಣು ಹೊರುವ ಕೂಲಿಯ ದರದಲ್ಲೇ ಎಣಿಸಿದರೂ ಬರೀ ಕೈಕೆಲಸಕ್ಕೆ 2,443 ರೂಪಾಯಿ ಆಗುತ್ತದೆ. ಕೈಚಳಕಕ್ಕೆ, ಬಣ್ಣ ಹೊಂದಿಸುವ ಕಣ್ಣಿಗೆ, ದಾರಕ್ಕೆ, ಅರಿವೆಗೆ ಇನ್ನೂ ಲೆಕ್ಕ ಹಚ್ಚಿಲ್ಲ. ಇದಕ್ಕಿಂತ ಕಡಿಮೆಗೆ ಕೈಹೊಲಿಗೆಯ ದೊಡ್ಡ ಕೌದಿ ಸಿಕ್ಕರೆ ಆ ಅಗ್ಗದ ಭಾರ ಯಾರ ಬೆನ್ನು, ಯಾರ ಕಣ್ಣಿನ ಮೇಲೆ ಬಿದ್ದಿದೆ ಎಂದು ಕೇಳಿ ಕೊಳ್ಳಬೇಕು.

ತಾವೇ ಹೊಲಿಯುವ ಮನಸ್ಸಿರುವವರು ಕೂಸಿನ ಕೌದಿಯಿಂದ ಶುರು ಮಾಡುವುದು ಮೇಲು. ಮೂರು ಅಡಿಗೆ ಎರಡೂವರೆ ಅಡಿ ಸಾಕು. ಮೊದಲಿನ ಲೆಕ್ಕದ ಪ್ರಕಾರ ಅದಕ್ಕೆ ಹನ್ನೊಂದು ಗಂಟೆಯೊಳಗಿನ ಹೊಲಿಗೆ, ಕಲಿಯುವ ಕೈಗೆ ಇಪ್ಪತ್ತೆಂದು ಹಿಡಿಯಿರಿ. ನೂಲಿನದನ್ನೇ ಆರಿಸಿ. ಅಂಚಿನ ಒಂದೆಳೆ ಸುಟ್ಟು ನೋಡಿದರೆ ನೂಲು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಗಟ್ಟಿ ಮಣಿಯಾಗುತ್ತದೆ. ಬಣ್ಣ ಬಿಡುವ ಅರಿವೆಯನ್ನು ಮೊದಲೇ ಬೇರೆ ನೆನೆಸಿಡಿ. ಗುಂಡಿ, ಜರಿ, ಮಿಣುಕು ಏನೂ ಬೇಡ. ಮನೆಯಲ್ಲಿ ಸವೆದ ಹಳೆ ಕೌದಿ ಇದ್ದರೆ ಬಿಚ್ಚಬೇಡಿ, ಅದನ್ನೇ ನಡುವಿನ ಪದರಾಗಿ ಹಾಸಿ ಮೇಲೊಂದು ಕೆಳಗೊಂದು ಹೊದಿಕೆ ಕೊಡಿ. ಹಿಂದಿನವರೂ ಹಾಗೇ ಮಾಡುತ್ತಿದ್ದರು. ಮಹಾನವಮಿಗೆ ಮುಂಚೆ ಹಾಸಿಗೆಯನ್ನೆಲ್ಲ ಹೊಳೆಗೆ ಒಯ್ದು ಒಗೆಯುವಾಗ ಹರಿದ ಮೂಲೆಗಳು ಕಣ್ಣಿಗೆ ಬೀಳುತ್ತಿದ್ದವು, ಸುಗ್ಗಿಯ ನಂತರ ಅವಕ್ಕೆ ಸೂಜಿ ಬೀಳುತ್ತಿತ್ತು. ಸಂಕ್ರಾಂತಿ ಮುಗಿದ ಕೂಡಲೇ ಕೂತರೆ ಮೃಗಶಿರಾ ಮಳೆಗೆ ಮೊದಲು ಒಂದು ದೊಡ್ಡ ಕೌದಿ, ಬಿಸಿಲು ಕಾಣಿಸಿ ಮಡಚಿಡಲು ಸಿದ್ಧವಾಗುತ್ತದೆ.